‘ಒಳ್ಳೆಯ ಶೂ ಹಾಕಿಕೊಳ್ಳಿ’ ಅಂದರೆ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಹೊಸದಾಗಿ ಚಾರಣ ಶುರು ಮಾಡುವವರಿಗೆಂದು ಬಂದ ಲೇಖನ ಓದಿದೆ. ಬ್ಯಾಗ್ ಹೇಗೆ ತುಂಬಿಕೊಳ್ಳಬೇಕು, ನೀರು ಎಷ್ಟಿರಬೇಕು, ಹಗಲು ಹೊರಟರೂ ಟಾರ್ಚ್ ಯಾಕೆ ಜೊತೆಗಿರಬೇಕು, ಎಲ್ಲವನ್ನೂ ಬಿಡಿಸಿ ಹೇಳಿದ್ದೀರಿ. ಕಾಲಿನ ಬಗ್ಗೆ ಮಾತ್ರ ಒಂದೇ ಸಾಲು ಇತ್ತು: ‘ಒಳ್ಳೆಯ ಶೂ ಹಾಕಿಕೊಳ್ಳಿ’. ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ಈ ಒಂದು ಸಾಲನ್ನು ನಂಬಿ ಜನ ಏನು ಮಾಡುತ್ತಾರೆ ಅಂತ ನಾನು ಹತ್ತಾರು ಸಲ ನೋಡಿದ್ದೇನೆ. ಅಂಗಡಿಗೆ ಹೋಗಿ ಇರುವುದರಲ್ಲೇ ಗಟ್ಟಿಯಾದ, ಭಾರವಾದ, ದುಬಾರಿ ಬೂಟು ತರುತ್ತಾರೆ. ಅದೂ ಹೊರಡುವ ಹಿಂದಿನ ದಿನ. ಮರುದಿನ ಮಧ್ಯಾಹ್ನದ ಹೊತ್ತಿಗೆ ದಾರಿ ಬದಿಯ ಕಲ್ಲಿನ ಮೇಲೆ ಕೂತು, ಸಾಕ್ಸ್ ಬಿಚ್ಚಿ, ಹಿಮ್ಮಡಿಯ ಬೊಬ್ಬೆ ನೋಡಿಕೊಳ್ಳುತ್ತಿರುತ್ತಾರೆ. ನಾನು ಗೆಳೆಯರನ್ನು ಕಟ್ಟಿಕೊಂಡು ನಡೆಯಲು ಶುರು ಮಾಡಿ ಇಪ್ಪತ್ತು ವರ್ಷ ಆಯಿತು. ಅರ್ಧದಲ್ಲೇ ವಾಪಸ್ ಹೋದವರಲ್ಲಿ ಉಸಿರು ಸಾಲದೆ ಹೋದವರು ಕಡಿಮೆ, ಕಾಲುನೋವು ತಡೆಯಲಾರದೆ ಹೋದವರೇ ಜಾಸ್ತಿ. ಅವರಲ್ಲಿ ಎಷ್ಟೋ ಜನ ಮತ್ತೆ ಬರಲೇ ಇಲ್ಲ. ನಡಿಗೆ ತಮಗೆ ಆಗಿಬರುವುದಿಲ್ಲ ಅಂದುಕೊಂಡುಬಿಟ್ಟರು. ಸರಿಯಾದ ಶೂ ಇದ್ದಿದ್ದರೆ ಅವರು ಇವತ್ತಿಗೂ ನಡೆಯುತ್ತಿದ್ದರು. ನನಗೆ ಬೇಜಾರಾಗುವುದು ಇದಕ್ಕೇ.

ನನ್ನ ಮೊದಲ ದೊಡ್ಡ ಚಾರಣದಲ್ಲೂ ಹೀಗೇ ಆಯಿತು. ದಿನಾ ಕೆಲಸಕ್ಕೆ ಹಾಕುವ ಶೂ ಯಾವ ಅಳತೆಯೋ ಅದೇ ಅಳತೆಯ ಚರ್ಮದ ಬೂಟು ತಂದಿದ್ದೆ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ, ತೆಳು ಸಾಕ್ಸಿನಲ್ಲಿ ಹಾಕಿ ನೋಡಿ, ಹಿತವಾಗಿದೆ ಅಂತ ಕೊಂಡೆ. ಹತ್ತುವಾಗ ಏನೂ ಅನಿಸಲಿಲ್ಲ. ಇಳಿಯಲು ನಾಲ್ಕು ಗಂಟೆ ಹಿಡಿಯಿತು, ಆ ನಾಲ್ಕು ಗಂಟೆಯೂ ಪ್ರತಿ ಹೆಜ್ಜೆಗೆ ಹೆಬ್ಬೆರಳು ಬೂಟಿನ ಮೂತಿಗೆ ಬಡಿಯುತ್ತಲೇ ಇತ್ತು. ರಾತ್ರಿ ನೋಡಿದರೆ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿದ್ದವು. ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೆಲವು ವಾರದ ಮೇಲೆ ಒಂದು ಉಗುರು ಕಳಚಿಯೇ ಬಿತ್ತು. ಅದು ಮತ್ತೆ ಪೂರ್ತಿ ಬೆಳೆಯಲು ವರ್ಷದ ಮೇಲಾಯಿತು.

ಬೆಳಿಗ್ಗೆ ಹೋದದ್ದೇ ಮೊದಲ ತಪ್ಪು. ದಿನವಿಡೀ ನಿಂತು, ನಡೆದು ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಗಂಟೆಗಟ್ಟಲೆ ಬೆಟ್ಟ ಹತ್ತಿ ಇಳಿದರೆ ಇನ್ನೂ ಊದುತ್ತದೆ. ಹಾಗಾಗಿ ಶೂ ಕೊಳ್ಳಲು ಸಂಜೆ ಹೋಗಬೇಕು, ಸಾಧ್ಯವಾದರೆ ಸ್ವಲ್ಪ ನಡೆದೇ ಹೋಗಬೇಕು. ಚಾರಣಕ್ಕೆ ಹಾಕುವ ದಪ್ಪ ಸಾಕ್ಸ್ ಜೊತೆಗೆ ಒಯ್ಯಿರಿ. ಅಂಗಡಿಯವರು ಕೊಡುವ ತೆಳು ಸಾಕ್ಸಿನಲ್ಲಿ ನೋಡಿದ ಅಳತೆ ನಿಮ್ಮ ಅಳತೆಯಲ್ಲ. ಎರಡೂ ಕಾಲಿಗೆ ಹಾಕಿ ನೋಡಿ. ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಪಾದ ಇನ್ನೊಂದಕ್ಕಿಂತ ಒಂಚೂರು ದೊಡ್ಡದಿರುತ್ತದೆ, ದೊಡ್ಡ ಪಾದಕ್ಕೆ ಸರಿಹೋಗುವುದನ್ನೇ ತೆಗೆದುಕೊಳ್ಳಬೇಕು.

ಲೇಸ್ ಕಟ್ಟಿ ಎದ್ದು ನಿಂತಾಗ ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿದಿರಬೇಕು. ಕೆಲವರಿಗೆ ಎರಡನೇ ಬೆರಳೇ ಹೆಬ್ಬೆರಳಿಗಿಂತ ಉದ್ದ ಇರುತ್ತದೆ, ಅವರು ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಬೆರಳುಗಳನ್ನು ಒಳಗೆ ಸಲೀಸಾಗಿ ಆಡಿಸಲು ಬರಬೇಕು, ಆದರೆ ಹಿಮ್ಮಡಿ ಮಾತ್ರ ಎದ್ದು ಕೂರಬಾರದು. ಮುಂದೆ ಸಡಿಲ, ಹಿಂದೆ ಬಿಗಿ. ಆಮೇಲೆ ಮೆಟ್ಟಿಲೋ ಇಳಿಜಾರೋ ಇದ್ದರೆ ಅಲ್ಲಿ ಹತ್ತಿ ಇಳಿದು ನೋಡಿ. ಇಳಿಯುವಾಗ ಬೆರಳು ಮುಂದೆ ತಾಗಿತೋ, ಆ ಶೂ ಎಷ್ಟೇ ಚೆಂದ ಇರಲಿ, ವಾಪಸ್ ಇಟ್ಟುಬಿಡಿ. ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಚರ್ಮ ಅಗಲಕ್ಕೆ ಸ್ವಲ್ಪ ಬಿಟ್ಟುಕೊಡುವುದು ನಿಜ. ಉದ್ದಕ್ಕೆ ಯಾವ ಶೂವೂ ಬೆಳೆಯುವುದಿಲ್ಲ.

ಅಗಲದ ವಿಷಯಕ್ಕೆ ಒಂದು ಸುಲಭದ ಉಪಾಯ ಇದೆ. ಶೂ ಒಳಗಿನ ಮೆತ್ತೆಯನ್ನು ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಬರಿಗಾಲಲ್ಲಿ ನಿಲ್ಲಿ. ಪಾದ ಅಂಚು ದಾಟಿ ಹೊರಗೆ ಚೆಲ್ಲಿದರೆ ಆ ಶೂ ನಿಮಗೆ ಇಕ್ಕಟ್ಟು. ತುಂಬಾ ಜನ ಅಗಲ ಸಾಲದಿದ್ದಾಗ ಒಂದು ನಂಬರ್ ಉದ್ದದ್ದು ತೆಗೆದುಕೊಳ್ಳುತ್ತಾರೆ. ಆಗ ಕಿರುಬೆರಳಿಗೇನೋ ಜಾಗ ಸಿಗುತ್ತದೆ, ಆದರೆ ಹಿಮ್ಮಡಿ ಸಡಿಲವಾಗಿ ಬೊಬ್ಬೆ ಏಳುತ್ತದೆ. ಬೇಕಾಗಿರುವುದು ಅಗಲದ ಅಚ್ಚಿನಲ್ಲಿ ಮಾಡಿದ ಶೂ. ಒಂದೊಂದು ಕಂಪನಿಯ ಅಚ್ಚು ಒಂದೊಂದು ಥರ, ಹಾಗಾಗಿ ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಬೇಕು.

ನಂಬರನ್ನೂ ಪೂರ್ತಿ ನಂಬಬೇಡಿ. ಬ್ರಿಟಿಷ್ ಅಳತೆಯ 8, ಯುರೋಪಿನ 42, ಅಮೆರಿಕದಲ್ಲಿ ಗಂಡಸರ 9, ಇವು ಮೂರೂ ಹೆಚ್ಚುಕಡಿಮೆ ಒಂದೇ ಉದ್ದ. ಆನ್‌ಲೈನಿನಲ್ಲಿ ಯಾವ ದೇಶದ ಅಳತೆ ಅಂತ ನೋಡದೆ ಬರೀ 9 ಒತ್ತಿ ಮೋಸ ಹೋದವರು ನನ್ನ ಗುಂಪಿನಲ್ಲೇ ಇದ್ದಾರೆ. ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತು ಪಾದದ ಉದ್ದವನ್ನು ಮಿಲಿಮೀಟರಿನಲ್ಲಿ ಅಳೆದಿಟ್ಟುಕೊಳ್ಳಿ, ಕಂಪನಿಯ ಪಟ್ಟಿಯ ಜೊತೆ ಹೋಲಿಸಿ ನೋಡಿ. ತರಿಸಿದ ಮೇಲೆ ಎರಡು ಮೂರು ಸಂಜೆ ಮನೆಯೊಳಗೇ ಹಾಕಿ ಓಡಾಡಿ. ಕೊಳೆಯಾಗದಿದ್ದರೆ ವಾಪಸ್ ಮಾಡಬಹುದು, ಅಲ್ವಾ?

ಇನ್ನು ಎಂಥ ಶೂ? ಇದಕ್ಕೆ ಉತ್ತರ ನೀವು ನಡೆಯುವ ದಾರಿಯಲ್ಲಿದೆ. ಪಾರ್ಕು, ಡಾಂಬರು ರಸ್ತೆ, ಗಟ್ಟಿ ಮಣ್ಣಿನ ದಾರಿಯಾದರೆ ಮಾಮೂಲಿ ವಾಕಿಂಗ್ ಅಥವಾ ರನ್ನಿಂಗ್ ಶೂ ಸಾಕೇ ಸಾಕು. ಕಾಡುದಾರಿ, ಬೇರು, ಸಣ್ಣ ಕಲ್ಲು, ಕೆಸರು ಇರುವ ಕಡೆ ಒಂದು ದಿನದ ನಡಿಗೆಗೆ ಟ್ರೇಲ್ ರನ್ನಿಂಗ್ ಶೂ (ಕಾಡುದಾರಿಯಲ್ಲಿ ಓಡಲೆಂದು ಮಾಡಿದ ಹಗುರ ಶೂ) ಅಥವಾ ಗಿಡ್ಡ ಹೈಕಿಂಗ್ ಶೂ ಒಳ್ಳೆಯದು. ಬೆನ್ನ ಮೇಲೆ ದೊಡ್ಡ ಹೊರೆ, ಚೂಪು ಕಲ್ಲಿನ ಇಳಿಜಾರು, ಹಿಮ ಇದ್ದಾಗ ಮಾತ್ರ ಗಟ್ಟಿ ಅಟ್ಟೆಯ ಎತ್ತರದ ಬೂಟು ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ.

ಬೂಟಿನ ಭಾರದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಬೆನ್ನಿನ ಮೇಲಿನ ಭಾರವನ್ನು ಹೊತ್ತು ಸಾಗಿದರೆ ಆಯಿತು. ಕಾಲಿನ ಭಾರ ಹಾಗಲ್ಲ, ಅದನ್ನು ಪ್ರತಿ ಹೆಜ್ಜೆಗೂ ಎತ್ತಬೇಕು, ಮುಂದೆ ಬೀಸಬೇಕು, ನಿಲ್ಲಿಸಬೇಕು. ಗಂಟೆಗೆ ಐದಾರು ಸಾವಿರ ಸಲ. ಕಾಲಿನ ಒಂದು ಕಿಲೋ ಬೆನ್ನಿನ ನಾಲ್ಕೈದು ಕಿಲೋದಷ್ಟು ದಣಿಸುತ್ತದೆ ಅಂತ ಹಳೆಯ ಚಾರಣಿಗರು ಹೇಳುತ್ತಾರೆ, ಸೈನಿಕರನ್ನು ನಡೆಸಿ ಮಾಡಿದ ಪರೀಕ್ಷೆಗಳಲ್ಲೂ ಹೆಚ್ಚುಕಡಿಮೆ ಇದೇ ಕಂಡಿದೆ. ಒಂದು ಜೊತೆ ಚರ್ಮದ ಬೂಟು ಒಂದೂಕಾಲು ಒಂದೂವರೆ ಕಿಲೋ ತೂಗುತ್ತದೆ, ಟ್ರೇಲ್ ಶೂ ಅದರ ಅರ್ಧ. ಬರೀ ಧೈರ್ಯಕ್ಕೆ ಅಂತ ದೊಡ್ಡ ಬೂಟು ಹಾಕಿಕೊಂಡರೆ ಸಂಜೆ ಆಗುವಷ್ಟರಲ್ಲಿ ಕಾಲು ಎಳೆಯಲು ಶುರುವಾಗುತ್ತದೆ. ಎಡವಿ ಬೀಳುವುದೂ ಆಗಲೇ.

‘ಎತ್ತರದ ಬೂಟು ಹಾಕಿದರೆ ಕಾಲು ಉಳುಕುವುದಿಲ್ಲ’ ಎಂಬ ನಂಬಿಕೆ ತುಂಬಾ ಗಟ್ಟಿ. ಕಣಕಾಲು ಕಲ್ಲಿಗೆ ಬಡಿಯದ ಹಾಗೆ, ಮುಳ್ಳು ಮಣ್ಣು ಒಳಗೆ ಬರದ ಹಾಗೆ ಅದು ಕಾಯುತ್ತದೆ, ಒಪ್ಪುತ್ತೇನೆ. ಆದರೆ ಕಾಲು ಹೊರಳುವಾಗ ಮೆತ್ತನೆಯ ಬಟ್ಟೆಯ ಎತ್ತರದ ಶೂ ಅದನ್ನು ಹಿಡಿದು ನಿಲ್ಲಿಸಲಾರದು. ಆ ಕೆಲಸ ಮಾಡುವುದು ಕಣಕಾಲಿನ ಸುತ್ತಲಿನ ಸ್ನಾಯು. ದಿನಾ ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸ ಮಾಡಿಕೊಳ್ಳಿ, ನನಗೆ ಅದರಿಂದ ಆದ ಉಪಯೋಗ ಯಾವ ಬೂಟಿನಿಂದಲೂ ಆಗಿಲ್ಲ. ಹಿಂದೆ ಉಳುಕಿದ್ದ ಕಾಲಾದರೆ ವೈದ್ಯರನ್ನೋ ಫಿಸಿಯೋಥೆರಪಿಯವರನ್ನೋ ಕೇಳಿಯೇ ಹೊರಡಿ.

ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿಯ ಕಥೆ ನಿಮ್ಮ ಓದುಗರಿಗೆ ಗೊತ್ತಿರಬಹುದು. 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, 3,000 ಕಿಲೋಮೀಟರಿಗೂ ಉದ್ದದ ಅಪಲಾಚಿಯನ್ ಟ್ರೇಲ್ ಎಂಬ ಬೆಟ್ಟಸಾಲಿನ ಕಾಲುದಾರಿಯನ್ನು ಒಬ್ಬರೇ, ಒಂದೇ ಋತುವಿನಲ್ಲಿ ನಡೆದು ಮುಗಿಸಿದರು. ಕಾಲಿಗಿದ್ದದ್ದು ಕ್ಯಾನ್ವಾಸ್ ಶೂ. ದಾರಿಯಲ್ಲಿ ಹಲವು ಜೊತೆ ಸವೆದುಹೋದವು. ಹಾಗಂತ ಎಲ್ಲರೂ ಕ್ಯಾನ್ವಾಸ್ ಶೂ ಹಾಕಿ ಬೆಟ್ಟಕ್ಕೆ ಹೋಗಿ ಅಂತ ನಾನು ಹೇಳುವುದಿಲ್ಲ. ಅವರು ಜೀವನವಿಡೀ ಹೊಲಮನೆಯಲ್ಲಿ ದುಡಿದ ಹೆಂಗಸು, ಆ ಕಾಲಿಗೆ ಬಲ ಇತ್ತು, ಬೆನ್ನ ಮೇಲಿನ ಗಂಟು ಚಿಕ್ಕದಿತ್ತು. ದುಡ್ಡು ಹಾಕಿದಷ್ಟೂ ಶೂ ಒಳ್ಳೆಯದು ಅನ್ನುವವರು ಇದನ್ನೊಮ್ಮೆ ನೆನೆಸಿಕೊಳ್ಳಲಿ, ಅಷ್ಟೇ.

ದುಡ್ಡು ಹಾಕಲೇಬೇಕಾದ ಜಾಗ ಒಂದಿದೆ, ಅದು ಅಟ್ಟೆ. ಒಂದು ಕಾಲದಲ್ಲಿ ಬೆಟ್ಟದ ಬೂಟಿನ ಚರ್ಮದ ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆಯುತ್ತಿದ್ದರು. 1935ರಲ್ಲಿ ಇಟಲಿಯ ವಿತಾಲೆ ಬ್ರಮಾನಿ ಎಂಬ ಪರ್ವತಾರೋಹಿಯ ಆರು ಮಂದಿ ಜೊತೆಗಾರರು ಆಲ್ಪ್ಸ್ ಪರ್ವತದಲ್ಲಿ ಸತ್ತರು. ಅವರ ಕಾಲಿಗಿದ್ದದ್ದು ಆ ಚಳಿಗೆ, ಆ ಬಂಡೆಗೆ ತಕ್ಕದ್ದಾಗಿರಲಿಲ್ಲ ಎಂಬುದೂ ಒಂದು ಕಾರಣ. ಆ ನೋವಿನಲ್ಲೇ ಬ್ರಮಾನಿ ದಪ್ಪ ಉಬ್ಬುಗಳಿರುವ ರಬ್ಬರ್ ಅಟ್ಟೆ ಮಾಡಲು ಹೊರಟರು, 1937ರಲ್ಲಿ ಅದು ಬಂತು. ಅವರ ಹೆಸರಿನ ಅಕ್ಷರಗಳಿಂದಲೇ ಆ ಅಟ್ಟೆಗೆ ವೈಬ್ರಮ್ ಅನ್ನುವ ಹೆಸರು ಹುಟ್ಟಿತು. 1954ರಲ್ಲಿ ಕೆ2 ಶಿಖರವನ್ನು ಮೊದಲು ಹತ್ತಿದ ಇಟಲಿಯವರ ಬೂಟಿನ ಅಡಿ ಇದ್ದದ್ದು ಇದೇ ಅಟ್ಟೆ. ಇವತ್ತು ಯಾವ ಕಂಪನಿಯ ಹೈಕಿಂಗ್ ಶೂ ತಿರುವಿ ನೋಡಿದರೂ ಕಾಣುವ ಆ ಉಬ್ಬು ತಗ್ಗುಗಳ ಹಿಂದೆ ಆರು ಜೀವಗಳಿವೆ ಅನ್ನುವುದು ನನಗೆ ಪ್ರತಿ ಸಲ ನೆನಪಾಗುತ್ತದೆ.

ಅಟ್ಟೆ ನೋಡುವುದು ಹೇಗೆ? ಶೂ ಕೈಗೆತ್ತಿಕೊಂಡು ಬಗ್ಗಿಸಿ. ಬೆರಳುಗಳ ಬುಡದಲ್ಲಿ, ಅಂದರೆ ನಡೆಯುವಾಗ ನಮ್ಮ ಪಾದ ಬಗ್ಗುವ ಜಾಗದಲ್ಲೇ ಅದೂ ಬಗ್ಗಬೇಕು. ನಟ್ಟನಡುವೆ ಮಡಚಿಕೊಂಡರೆ ಬೇಡ. ಬಟ್ಟೆ ಹಿಂಡಿದ ಹಾಗೆ ತಿರುಚಿ ನೋಡಿ, ಸಲೀಸಾಗಿ ತಿರುಚಿಕೊಂಡರೆ ಕಲ್ಲುದಾರಿಯಲ್ಲಿ ಅಂಗಾಲು ನೋಯುತ್ತದೆ. ಕೆಸರಿನ ದಾರಿಗೆ ಆಳವಾದ, ದೂರ ದೂರ ಇರುವ ಉಬ್ಬು ಬೇಕು, ಮಣ್ಣು ತಾನಾಗಿ ಉದುರಿಹೋಗುತ್ತದೆ. ಹತ್ತಿರ ಹತ್ತಿರ ಇದ್ದರೆ ಕೆಸರು ತುಂಬಿಕೊಂಡು ಅಟ್ಟೆ ಸಪಾಟಾಗುತ್ತದೆ. ಬಂಡೆಯ ಮೇಲೆ ಇದು ಉಲ್ಟಾ, ರಬ್ಬರ್ ಎಷ್ಟು ಜಾಗ ಮುಟ್ಟುತ್ತದೋ ಅಷ್ಟು ಹಿಡಿತ. ಮೆತ್ತನೆಯ ರಬ್ಬರ್ ಒದ್ದೆ ಕಲ್ಲನ್ನು ಚೆನ್ನಾಗಿ ಕಚ್ಚುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ಬಾಳುತ್ತದೆ, ಜಾರುತ್ತದೆ. ಪಾಚಿ ಕಟ್ಟಿದ ಒದ್ದೆ ಬಂಡೆಯ ಮೇಲೆ ಮಾತ್ರ ಯಾವ ಶೂವನ್ನೂ ನಂಬಬೇಡಿ, ಎಂಥ ದೊಡ್ಡ ಹೆಸರಿನದಾದರೂ ಸರಿ. ಸುತ್ತಿ ಹೋಗಿ, ಇಲ್ಲ ಕೂತು ಜಾರಿಕೊಂಡು ದಾಟಿ.

ವಾಟರ್‌ಪ್ರೂಫ್ ಶೂ ಬಗ್ಗೆ ಹೇಳದಿದ್ದರೆ ಈ ಪತ್ರ ಬರೆದೂ ಪ್ರಯೋಜನ ಇಲ್ಲ, ಯಾಕೆಂದರೆ ಹೊಸಬರು ಮೊದಲು ಕೇಳುವುದೇ ಅದನ್ನು. ಒಳಗೆ ತೆಳುವಾದ ಒಂದು ಪದರ ಇರುತ್ತದೆ. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ ನೀರಿನ ಹನಿ ಒಳಗೆ ಬರುವುದಿಲ್ಲ, ಬೆವರಿನ ಆವಿ ಹೊರಗೆ ಹೋಗುತ್ತದೆ. ಚಳಿಯ ದಿನ, ಇಬ್ಬನಿ ಹುಲ್ಲು, ಹಿಮ, ಇವಕ್ಕೆ ಇದು ನಿಜವಾಗಿ ಒಳ್ಳೆಯದು. ಆದರೆ ಧಾರಾಕಾರ ಮಳೆಯಲ್ಲಿ ನೀರು ಬರುವುದು ಮೇಲಿನಿಂದ, ಕಾಲು ಇಳಿದು ಸಾಕ್ಸ್ ನೆನೆದು ಶೂ ಬಾಯಿಂದ ಒಳಗೆ. ಹಳ್ಳ ದಾಟುವಾಗ ಒಮ್ಮೆ ಮುಳುಗಿದರೂ ಸಾಕು. ಹೊರಗಿನ ನೀರನ್ನು ತಡೆಯುವ ಅದೇ ಪದರ ಒಳಗೆ ಹೋದ ನೀರನ್ನೂ ಹೊರಗೆ ಬಿಡುವುದಿಲ್ಲ. ಆಮೇಲೆ ಎರಡು ದಿನ ಒಣಗುವುದಿಲ್ಲ. ಸೆಕೆಯಲ್ಲಂತೂ ಬೆವರಿನಲ್ಲೇ ಕಾಲು ನೆನೆಯುತ್ತದೆ. ಬಿಸಿ ಹವೆಗೆ, ಜೋರು ಮಳೆಗೆ, ಹಳ್ಳ ದಾಟುವ ದಾರಿಗೆ ಜಾಲರಿ ಬಟ್ಟೆಯ ಶೂನೇ ವಾಸಿ. ಬೇಗ ಒದ್ದೆಯಾಗುತ್ತದೆ, ನಡೆಯುತ್ತಾ ನಡೆಯುತ್ತಾ ಬೇಗ ಒಣಗುತ್ತದೆ.

ಒದ್ದೆ ಶೂವನ್ನು ಬೆಂಕಿ ಪಕ್ಕ ಇಟ್ಟು ಒಣಗಿಸಬೇಡಿ. ಅಂಟು ಬಿಟ್ಟುಕೊಳ್ಳುತ್ತದೆ, ಚರ್ಮ ಬಿರುಕು ಬಿಡುತ್ತದೆ. ಒಳಗಿನ ಮೆತ್ತೆ ತೆಗೆದು, ಹಳೆಯ ಪತ್ರಿಕೆ ಉಂಡೆ ಮಾಡಿ ತುರುಕಿ, ಗಾಳಿ ಆಡುವ ನೆರಳಿನಲ್ಲಿಡಿ. ಕಾಗದ ನೆನೆದ ಹಾಗೆ ಬದಲಿಸುತ್ತಿರಿ.

ಶೂಗೆ ಅಷ್ಟು ದುಡ್ಡು ಕೊಟ್ಟು ಸಾಕ್ಸ್ ಮಾತ್ರ ಮನೆಯಲ್ಲಿದ್ದ ಹತ್ತಿಯದ್ದೇ ಹಾಕಿಕೊಂಡು ಬರುತ್ತಾರೆ. ಬೊಬ್ಬೆ ಹೇಗೆ ಏಳುತ್ತದೆ ಅಂತ ಗೊತ್ತಾದರೆ ಹೀಗೆ ಮಾಡಲಾರರು. ಬರೀ ಮೇಲಿನ ಉಜ್ಜಾಟದಿಂದ ಬೊಬ್ಬೆ ಏಳುವುದಿಲ್ಲ. ಒದ್ದೆಯಾದ ಸಾಕ್ಸಿಗೆ ಚರ್ಮ ಅಂಟಿಕೊಂಡು ನಿಂತಿರುತ್ತದೆ, ಒಳಗಿನ ಮೂಳೆ ಮಾತ್ರ ಪ್ರತಿ ಹೆಜ್ಜೆಗೆ ಹಿಂದೆ ಮುಂದೆ ಆಡುತ್ತದೆ, ನಡುವಿನ ಚರ್ಮದ ಪದರಗಳು ಎಳೆದಾಡಿ ಎಳೆದಾಡಿ ಬೇರೆಯಾಗುತ್ತವೆ, ಆ ಜಾಗದಲ್ಲಿ ನೀರು ತುಂಬುತ್ತದೆ. ಹತ್ತಿ ಬೆವರನ್ನು ಹೀರಿ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಮೆರಿನೊ ಉಣ್ಣೆ ಅಥವಾ ಸಿಂಥೆಟಿಕ್ ಸಾಕ್ಸ್ ಹಾಗೆ ಮಾಡುವುದಿಲ್ಲ. ಕೆಲವರು ಒಳಗೊಂದು ತೆಳು ಸಾಕ್ಸ್, ಮೇಲೊಂದು ದಪ್ಪದ್ದು ಹಾಕುತ್ತಾರೆ. ಆಗ ಎಳೆದಾಟ ಎರಡು ಸಾಕ್ಸಿನ ನಡುವೆಯೇ ಮುಗಿಯುತ್ತದೆ. ನನಗಂತೂ ಐದು ಬೆರಳಿಗೂ ಬೇರೆ ಬೇರೆ ಗೂಡು ಇರುವ ಸಾಕ್ಸ್ ಹಾಕಿದ ಮೇಲೆ ಬೆರಳ ಸಂದಿನ ಬೊಬ್ಬೆ ನಿಂತೇ ಹೋಯಿತು.

ದಾರಿಯಲ್ಲಿ ಒಂದು ಕಡೆ ಬಿಸಿ ಬಿಸಿ ಅನಿಸಲು ಶುರುವಾದರೆ ಅಲ್ಲೇ ನಿಲ್ಲಿ. ಮುಂದಿನ ತಿರುವಿನಲ್ಲಿ ನೋಡೋಣ ಅನ್ನಬೇಡಿ, ಗುಂಪು ಮುಂದೆ ಹೋಗುತ್ತದೆ ಅಂತ ಸಂಕೋಚವೂ ಬೇಡ. ಶೂ ಬಿಚ್ಚಿ, ಕಾಲು ಒರೆಸಿ, ಟೇಪ್ ಅಂಟಿಸಿ, ಒಣ ಸಾಕ್ಸ್ ಹಾಕಿ. ಐದು ನಿಮಿಷದ ಕೆಲಸ.

ಲೇಸ್ ಕಟ್ಟುವುದರಲ್ಲೂ ಕೆಲಸ ಇದೆ. ಶೂ ಮೇಲ್ತುದಿಯಲ್ಲಿ ಹೆಚ್ಚಿಗೆ ಒಂದು ತೂತು ಇರುತ್ತದಲ್ಲ, ಅದು ಅಲಂಕಾರಕ್ಕಲ್ಲ. ಎರಡೂ ಕಡೆ ಅದರಲ್ಲಿ ಲೇಸ್ ಪೋಣಿಸಿ ಸಣ್ಣ ಕುಣಿಕೆ ಬಿಟ್ಟು, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಎಳೆದು ಕಟ್ಟಿದರೆ ಹಿಮ್ಮಡಿ ಅಲ್ಲಾಡದೆ ಕೂರುತ್ತದೆ. ಇಳಿಯಲು ಶುರು ಮಾಡುವ ಮೊದಲು ಒಮ್ಮೆ ನಿಂತು ಹೀಗೆ ಬಿಗಿ ಮಾಡಿಕೊಳ್ಳಿ. ಹಿಂದಿನ ದಿನವೇ ಕಾಲಿನ ಉಗುರು ಕತ್ತರಿಸಿ. ನನ್ನ ಆ ಮೊದಲ ಚಾರಣದಲ್ಲಿ ಇವೆರಡು ಮಾಡಿದ್ದರೂ ಅರ್ಧ ನೋವು ತಪ್ಪುತ್ತಿತ್ತು.

ಹಳೆಯ ಶೂ ಇರುವವರಿಗೆ ಒಂದು ಮಾತು. ನನ್ನ ಗೆಳೆಯರೊಬ್ಬರು ಆರೇಳು ವರ್ಷದ ಹಿಂದೆ ತಂದು ಎರಡೇ ಸಲ ಹಾಕಿ ಡಬ್ಬದಲ್ಲಿಟ್ಟಿದ್ದ ಬೂಟು ತೊಟ್ಟು ಬಂದರು. ನೋಡಲು ಹೊಸದರ ಹಾಗೇ ಇತ್ತು. ಎರಡು ಗಂಟೆ ನಡೆದಿರಬಹುದು, ಬಲಗಾಲಿನ ಅಟ್ಟೆ ಬಾಯಿ ಬಿಟ್ಟಿತು. ಆಮೇಲೆ ನಡುವಿನ ಪದರ ಬಿಸ್ಕತ್ತಿನ ಹಾಗೆ ಪುಡಿ ಪುಡಿಯಾಗಿ ಉದುರಿತು, ಸ್ವಲ್ಪ ಹೊತ್ತಿಗೆ ಎಡಗಾಲಿನದೂ. ಹಗ್ಗದಲ್ಲಿ ಸುತ್ತಿ ಕಟ್ಟಿ ಅವರನ್ನು ನಿಧಾನಕ್ಕೆ ಇಳಿಸಿಕೊಂಡು ಬಂದೆವು. ತುಂಬಾ ಬೂಟುಗಳ ನಡುವಿನ ಪದರ ಪಾಲಿಯುರೆಥೇನ್‌ನದು. ಗಾಳಿಯ ತೇವ ತಾಗಿ ತಾಗಿ ಅದು ಒಳಗೊಳಗೇ ಕೊಳೆಯುತ್ತದೆ, ಹಾಕದೆ ಇಟ್ಟರೂ ಕೊಳೆಯುತ್ತದೆ. ಕತ್ತಲ ಕಪಾಟು, ಪ್ಲಾಸ್ಟಿಕ್ ಚೀಲ ಇದ್ದರೆ ಇನ್ನೂ ಬೇಗ. ಹಾಗಾಗಿ ವರ್ಷಗಟ್ಟಲೆ ಇಟ್ಟ ಶೂವನ್ನು ಹೊರಡುವ ಒಂದು ವಾರ ಮೊದಲೇ ತೆಗೆದು, ನಡುಪದರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಬಗ್ಗಿಸಿ ನೋಡಿ, ಹಾಕಿಕೊಂಡು ಮನೆ ಹತ್ತಿರವೇ ಒಂದು ಗಂಟೆ ನಡೆಯಿರಿ. ಬಿರುಕು ಕಂಡರೆ, ಅಂಟು ಅಂಟು ಅನಿಸಿದರೆ ಆಸೆ ಬಿಟ್ಟುಬಿಡಿ. ದಿನಾ ಹಾಕುವ ಹಗುರ ಶೂ ಕೂಡ 500ರಿಂದ 800 ಕಿಲೋಮೀಟರ್ ಆಗುವಷ್ಟರಲ್ಲಿ ಒಳಗಿನ ಮೆದುತನ ಕಳೆದುಕೊಂಡಿರುತ್ತದೆ, ಮೇಲೆ ಚೆನ್ನಾಗಿ ಕಂಡರೂ.

ಸಕ್ಕರೆ ಕಾಯಿಲೆ ಇರುವವರು ದಯವಿಟ್ಟು ಜಾಸ್ತಿ ಎಚ್ಚರ ವಹಿಸಬೇಕು. ಪಾದದ ಸ್ಪರ್ಶ ಮಂದವಾಗಿದ್ದರೆ ಬೊಬ್ಬೆ ಎದ್ದದ್ದೂ ತಿಳಿಯುವುದಿಲ್ಲ, ಹುಣ್ಣಾದ ಮೇಲೆ ಗೊತ್ತಾಗುತ್ತದೆ. ಹಾಕುವ ಮೊದಲು ಶೂ ಒಳಗೆ ಕೈ ಹಾಕಿ ಕಲ್ಲು, ಮಡಿಕೆ ಇದೆಯೇ ನೋಡಿ, ಬಿಚ್ಚಿದ ಮೇಲೆ ಅಂಗಾಲನ್ನು ಕನ್ನಡಿ ಹಿಡಿದಾದರೂ ನೋಡಿಕೊಳ್ಳಿ. ಮಕ್ಕಳಿಗೆ ಬೆಳೆಯುತ್ತಾರೆ ಅಂತ ಎರಡು ನಂಬರ್ ದೊಡ್ಡದು ಕೊಡಿಸಬೇಡಿ. ಅವರು ಎಡವುತ್ತಾರೆ.

ಸಂಪಾದಕರೇ, ಮುಂದಿನ ಸಲ ಚಾರಣದ ಪುರವಣಿ ಮಾಡುವಾಗ ಬೆಟ್ಟದ ಚಿತ್ರದ ಪಕ್ಕ ಒಂದು ಅಟ್ಟೆಯ ಚಿತ್ರವನ್ನೂ ಹಾಕಿ. ಲೇಸ್ ಕಟ್ಟುವ ಆ ಕುಣಿಕೆಯನ್ನು ನಿಮ್ಮ ಚಿತ್ರಕಾರರಿಂದ ನಾಲ್ಕು ಗೆರೆಯಲ್ಲಿ ಬರೆಸಿ, ಮಾತಿನಲ್ಲಿ ಹೇಳಿದ್ದಕ್ಕಿಂತ ಬೇಗ ಅರ್ಥವಾಗುತ್ತದೆ. ಪಾದದ ಮೂಳೆ ತಜ್ಞರೊಬ್ಬರಿಂದ ಅರ್ಧ ಪುಟ ಬರೆಸಿದರೆ ಇನ್ನೂ ಸಂತೋಷ. ಸಾಲು ಸಾಲು ರಜೆ ಬರುವುದರೊಳಗೆ ಬಂದರೆ ಒಳ್ಳೆಯದು, ಹೊಸ ಶೂ ಕೊಂಡವರಿಗೆ ಅದನ್ನು ಕಾಲಿಗೆ ಹೊಂದಿಸಿಕೊಳ್ಳಲು ಎರಡು ಮೂರು ವಾರವಾದರೂ ಬೇಕು.

ಇಂತಿ,
ನಿಮ್ಮ ಬಹುದಿನದ ಓದುಗ